ತಂತಿ ಕೊಟ್ಟ ಅಣ್ಣನಿಗೆ

ಕಳೆದ ಭಾನುವಾರ ಬೆಳಿಗ್ಗೆ ಕಬ್ಬನ್ ಪಾರ್ಕಿನ ಬಿದಿರು ಮೆಳೆ ಹತ್ತಿರ ಗಿಟಾರ್ ತಂತಿ ಕೊಟ್ಟ ಅಣ್ಣ, ನಿಮಗೆ ತುಂಬಾ ಥ್ಯಾಂಕ್ಸ್. ಹೆಸರೂ ಕೇಳಲಿಲ್ಲ ನಾವು.

ನಾನು, ನನ್ನ ತಮ್ಮ ಇಬ್ಬರೇ ಹಾಡುವುದು. ಮೈಕ್ ಇಲ್ಲ, ಸ್ಪೀಕರ್ ಇಲ್ಲ. ಒಂದು ಗಿಟಾರ್, ಒಂದು ದಮ್ಮಡಿ. ಅಜ್ಜಿಯಿಂದ ಕಲಿತ ಬೀಸುವ ಪದಗಳೇ ಜಾಸ್ತಿ. ರಾಗಿಕಲ್ಲಿನ ಮುಂದೆ ಇಬ್ಬರು ಎದುರುಬದುರು ಕೂತು, ಒಬ್ಬರು ಬಿಟ್ಟ ಸಾಲನ್ನು ಇನ್ನೊಬ್ಬರು ಎತ್ತಿಕೊಳ್ಳುವ ಹಾಡುಗಳು ಅವು. ಮೂರು ಸಾಲಿನ ತ್ರಿಪದಿ, ಕಲ್ಲು ತಿರುಗುವ ಲಯ. ಅಕ್ಕ-ತಮ್ಮನಿಗೆ ಹೇಳಿ ಮಾಡಿಸಿದ ಹಾಗಿವೆ, ಅಲ್ವಾ?

ಎರಡನೇ ಪದಕ್ಕೇ ಟಪ್ ಅಂತ ಒಂದನೇ ತಂತಿ ಹೋಯಿತು. ತಮ್ಮನ ಮುಖ ಬಾಡಿತು. ನೀವು ಸುಮ್ನೆ ಎದ್ದು ಬಂದಿರಿ. ಬ್ಯಾಗಿನಿಂದ ಹೊಸ ತಂತಿ ತೆಗೆದು, ಅದರ ಗುಂಡು ತುದಿಯನ್ನು ತೂತಿಗೆ ಇಳಿಸಿ, ಬಿಳಿ ಪಿನ್ನನ್ನು ಹೆಬ್ಬೆರಳಲ್ಲಿ ಒತ್ತಿದಿರಿ. ಹೊಸ ತಂತಿ ಹಿಗ್ಗುತ್ತೆ, ಪದಕ್ಕೊಮ್ಮೆ ಶ್ರುತಿ ನೋಡ್ಕೊ ಅಂತ ಅವನಿಗೆ ಹೇಳಿದಿರಿ. ದುಡ್ಡು ಕೊಡೋಕೆ ಬಂದರೆ ಕೈ ಅಡ್ಡ ಹಿಡಿದಿರಿ.

ಆಮೇಲೆ ಇನ್ನೂ 6 ಪದ ಹಾಡಿದೆವು. ಮುಗಿಸಿ ನೋಡಿದರೆ ನೀವು ಇರಲಿಲ್ಲ. ನಿಮ್ಮ ಪುಟ್ಟ ಕಟರ್ ನಮ್ಮ ಗಿಟಾರ್ ಚೀಲದಲ್ಲೇ ಇದೆ ಅಣ್ಣ. ಈ ಭಾನುವಾರವೂ ಅಲ್ಲೇ ಇರ್ತೀವಿ.