ಸೆರೆಯಾಳಿನ ಕತೆ ಬರೆದ ತಮ್ಮನಿಗೆ

ಕಾರವಾರ

ಪ್ರೀತಿಯ ತಮ್ಮಾ,

ಶಿರಸಿಯಿಂದ ನೀನು ಕಳಿಸಿದ ಕತೆಯನ್ನು ಎರಡು ಸಲ ಓದಿದೆ. ಸೆರೆಸಿಕ್ಕ ಶತ್ರು ಬಾಯಿ ಬಿಡುವುದಿಲ್ಲ. ನಮ್ಮ ಅಧಿಕಾರಿ ಅವನ ಉಗುರು ಕೀಳುತ್ತಾನೆ. ಬಾಂಬಿನ ಜಾಗ ಹೊರಬಿದ್ದು ಕಾರವಾರದ ಬಂದರು ಉಳಿಯುತ್ತದೆ. ಭಾಷೆ ಬಿಗಿಯಾಗಿದೆ. ಆದರೆ ಕತೆ ಸುಳ್ಳು ಹೇಳುತ್ತಿದೆ.

ಅವನಿಗೆ ಜಾಗ ಗೊತ್ತಿದೆ ಎಂಬುದು ನಿನಗೆ ಮೊದಲ ಪುಟದಲ್ಲೇ ಗೊತ್ತು, ಅವನನ್ನು ಹುಟ್ಟಿಸಿದವನೇ ನೀನಲ್ಲವೇ? ಕೋಣೆಯಲ್ಲಿರುವ ಅಧಿಕಾರಿಯ ಬಳಿ ಇರುವುದು ಬರೀ ಅನುಮಾನ. ಏನೂ ತಿಳಿಯದವನೂ ನೋವು ನಿಂತರೆ ಸಾಕೆಂದು ಕೇಳಿದ್ದಕ್ಕೆಲ್ಲ ಹೂಂ ಅನ್ನುತ್ತಾನೆ. ಪಾಕಿಸ್ತಾನದಲ್ಲಿ ಸೆರೆಸಿಕ್ಕ, ಆಮೇಲೆ ಅಮೆರಿಕ ಈಜಿಪ್ಟಿಗೆ ಒಪ್ಪಿಸಿದ ಶಂಕಿತ ಉಗ್ರ ಇಬ್ನ್ ಅಲ್-ಶೇಖ್ ಅಲ್-ಲಿಬಿ, ಇರಾಕ್ ಅಲ್-ಖೈದಾದವರಿಗೆ ರಾಸಾಯನಿಕ ಅಸ್ತ್ರಗಳ ತರಬೇತಿ ಕೊಟ್ಟಿದೆ ಎಂದುಬಿಟ್ಟ. 2003ರ ಫೆಬ್ರುವರಿಯಲ್ಲಿ ಅಮೆರಿಕದ ಆಗಿನ ವಿದೇಶಾಂಗ ಸಚಿವ ಕಾಲಿನ್ ಪೊವೆಲ್ ಅದನ್ನೇ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಮುಂದಿಟ್ಟರು. ಮಾರ್ಚಿನಲ್ಲಿ ಇರಾಕ್ ಮೇಲೆ ಯುದ್ಧ ಶುರುವಾಯಿತು. ಹೊಡೆತ ತಾಳಲಾರದೆ ಕಟ್ಟಿ ಹೇಳಿದ್ದೆಂದು ಅವನು ಮಾತು ಹಿಂತೆಗೆದುಕೊಂಡದ್ದು ಮರುವರ್ಷ. ಒಬ್ಬನ ಬಾಯಿಂದ ಹಿಂಡಿ ತೆಗೆದ ಸುಳ್ಳನ್ನು ನಂಬಿದ್ದಕ್ಕೆ ಬೆಲೆ ತೆತ್ತವರು ಯಾರು ಯಾರೋ.

ಇನ್ನು, ಅವನಿಗೆ ನಿಜವಾಗಿ ಗೊತ್ತಿದ್ದರೆ? ಆಗಲೂ ಕೂಡದು ಎನ್ನುತ್ತೇನೆ. ಕೈಕಾಲು ಕಟ್ಟಿದ ಮೇಲೆ ಅವನು ನಿನ್ನ ಜೊತೆ ಯುದ್ಧ ಮಾಡುತ್ತಿಲ್ಲ, ನಿನ್ನ ವಶದಲ್ಲಿದ್ದಾನೆ. ಯುದ್ಧವೂ ನೆಪವಾಗದು ಎಂದು ಚಿತ್ರಹಿಂಸೆಯ ವಿರುದ್ಧದ 1984ರ ಒಪ್ಪಂದ ಬಿಡಿಸಿ ಹೇಳಿದೆ. ಭಾರತ 1997ರಲ್ಲಿ ಸಹಿ ಹಾಕಿತು, ಆದರೆ ಅನುಮೋದಿಸಲಿಲ್ಲ. ಇದು ನನಗೆ ನೋವಿನ ಸಂಗತಿ.

'ಅವರು ನಮ್ಮವರಿಗೆ ಮಾಡಲಿಲ್ಲವೇ?' ಎಂದು ನಿನ್ನ ಅಧಿಕಾರಿ ಕೇಳುತ್ತಾನೆ. 1999ರಲ್ಲಿ ಕಾರ್ಗಿಲ್‌ನಿಂದ, ಪಾಕಿಸ್ತಾನದ ಸೇನೆಗೆ ಸೆರೆಸಿಕ್ಕಿದ್ದ ಕ್ಯಾಪ್ಟನ್ ಸೌರಭ್ ಕಾಲಿಯಾ ಮತ್ತು ಜೊತೆಯ ಐವರು ಸೈನಿಕರ ದೇಹಗಳು ಬಂದಾಗ, ಮೈಮೇಲಿನ ಗಾಯಗಳ ಸುದ್ದಿ ಓದಿ ನನಗೆ ಊಟ ಸೇರಿರಲಿಲ್ಲ. ಯುದ್ಧಕೈದಿ ತನ್ನ ಹೆಸರು, ಹುದ್ದೆ, ಹುಟ್ಟಿದ ದಿನ, ಸೇನಾ ಸಂಖ್ಯೆ ಹೇಳಿದರೆ ಸಾಕು, ಹೆಚ್ಚು ಹೇಳಿಸಲು ಹಿಂಸಿಸಬಾರದು ಎನ್ನುತ್ತದೆ 1949ರ ಜಿನೀವಾ ಒಪ್ಪಂದ. ನಮ್ಮ ಹುಡುಗರಿಗಾಗಿ ನಾವು ಕೈಯೆತ್ತಿ ಕೇಳಿದ್ದು ಅದೇ ಕಟ್ಟಳೆಯನ್ನು. ನಿನ್ನ ಅಧಿಕಾರಿ ಅದನ್ನೇ ಹರಿದು ಹಾಕುತ್ತಿದ್ದಾನೆ.

ಕತೆಯನ್ನು ಬಿಡಬೇಡ, ತಿರುಗಿ ಬರೆ. ಉಗುರು ಕೀಳುವುದನ್ನು ಅಷ್ಟು ಬಣ್ಣಿಸಬೇಡ, ಓದುವವನಿಗೆ ಅದು ರುಚಿ ಹತ್ತಬಾರದು. ಸೆರೆಯಾಳು ಒಂದು ಜಾಗ ಹೇಳಲಿ. ಅಲ್ಲಿಗೆ ಹೋದವರು ರಾತ್ರಿಯೆಲ್ಲ ಅಗೆದು, ಏನೂ ಸಿಗಲಿಲ್ಲವೆಂದು ಫೋನು ಮಾಡಲಿ. ಆಮೇಲೆ ಅಧಿಕಾರಿ ಆ ಕೋಣೆಯ ಬಾಗಿಲವರೆಗೆ ನಡೆಯುವ ಹತ್ತು ಹೆಜ್ಜೆಗೆ ಎಷ್ಟು ಪುಟ ಬೇಕಾದರೂ ತಗೋ.

ಬರೆದಾದ ಮೇಲೆ ನೀನೇ ತಗೊಂಡು ಬಾ. ಮಳೆ ಹಿಡಿಯುವ ಮೊದಲೇ ದೇವಿಮನೆ ಘಟ್ಟ ಇಳಿ.

ನಿನ್ನ ಅಣ್ಣ