ಮೋಟಾರಿಗಿಂತ ಬ್ಲೇಡು ನೋಡಿ ಕೊಳ್ಳಿ

ಮಾನ್ಯ ಸಂಪಾದಕರೇ,

ಹಳೆಯ ಮರದಲ್ಲಿ ಸಣ್ಣಪುಟ್ಟ ಪೀಠೋಪಕರಣ ಮಾಡಿಕೊಳ್ಳುವ ಹವ್ಯಾಸದ ಬಗ್ಗೆ ನಿಮ್ಮ ಪುರವಣಿಯಲ್ಲಿ ಬಂದ ಲೇಖನವನ್ನೂ, ಅದನ್ನು ಆಕ್ಷೇಪಿಸಿ ಓದುಗರೊಬ್ಬರು ಬರೆದ ಪತ್ರವನ್ನೂ ಓದಿದೆ. ಅಗ್ಗದ ಯಂತ್ರ ಹಿಡಿದು ಈ ಕೆಲಸಕ್ಕೆ ಇಳಿಯಬೇಡಿ, ಬೆರಳು ಕಳೆದುಕೊಳ್ಳುತ್ತೀರಿ ಎನ್ನುವುದು ಅವರ ಮಾತು. ಅವರ ಕಾಳಜಿ ನನಗೂ ಇದೆ. ಆದರೆ ಅಪಾಯ ಯಂತ್ರದ ಬೆಲೆಯಲ್ಲಿಲ್ಲ. ಅದು ಹಳೆಯ ಮರದ ಒಳಗಿದೆ, ಅದರಿಂದ ಏಳುವ ಧೂಳಿನಲ್ಲಿದೆ. ಇದನ್ನು ಆಕ್ಷೇಪವೂ ಹೇಳಲಿಲ್ಲ, ಮೂಲ ಲೇಖನವೂ ಹೇಳಲಿಲ್ಲ.

ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ಈಗ ಬಿಡುವಿನ ಹೊತ್ತೆಲ್ಲ ಕಳಚಿಹಾಕಿದ ಕಿಟಕಿ ಚೌಕಟ್ಟು, ಬಾಗಿಲ ಹಲಗೆ, ಸರಕು ಪೇರಿಸುವ ಮರದ ಅಟ್ಟಣೆಗಳಾದ ಪ್ಯಾಲೆಟ್‌ಗಳ ಜೊತೆ ಕಳೆಯುತ್ತೇನೆ. ಕೈಯಲ್ಲಿ ಹಿಡಿದು ಕೊಯ್ಯುವ, ದುಂಡು ಬ್ಲೇಡಿನ ಗರಗಸವಾದ ಒಂದು ಸರ್ಕ್ಯುಲರ್ ಸಾ, ಒಂದು ಡ್ರಿಲ್, ಮರ ಉಜ್ಜಿ ನಯ ಮಾಡುವ ಒಂದು ಸ್ಯಾಂಡರ್, ಇವಿಷ್ಟೇ ನನ್ನ ಯಂತ್ರಗಳು. ಮೂರೂ ಕಡಿಮೆ ದರದವು. ಪುಸ್ತಕದ ಕಪಾಟು, ಓದುವ ಮೇಜು, ಮೊಮ್ಮಗಳ ಸ್ಟೂಲು ಇವುಗಳಿಂದಲೇ ಆಗಿವೆ.

ಅಗ್ಗದ ಗರಗಸದ ದೊಡ್ಡ ಕೊರತೆ ಮೋಟಾರಲ್ಲ, ತಳದ ತಟ್ಟೆ. ತೆಳು ತಗಡನ್ನು ಒತ್ತಿ ಮಾಡಿರುತ್ತಾರೆ, ಅದರ ಮೇಲಿನ ಕೋನದ ಗುರುತನ್ನು ನಂಬುವಂತಿಲ್ಲ. 90 ಡಿಗ್ರಿ ಅಂತ ತೋರಿಸುತ್ತಿದ್ದರೂ ಬ್ಲೇಡು ಒಂದಿಷ್ಟು ವಾಲಿರಬಹುದು. ಇದನ್ನು ಕಂಡುಹಿಡಿಯಲು ಬೆಲೆಬಾಳುವ ಉಪಕರಣ ಬೇಡ. ಬೇಡದ ಹಲಗೆಯೊಂದನ್ನು ಅಡ್ಡಕ್ಕೆ ಕೊಯ್ಯಿರಿ. ಎರಡು ತುಂಡುಗಳಲ್ಲಿ ಒಂದನ್ನು ಬೋರಲು ಹಾಕಿ, ಕೊಯ್ದ ಮುಖಗಳನ್ನು ಮತ್ತೆ ಒಂದಕ್ಕೊಂದು ತಾಗಿಸಿ, ಬೆಳಕಿಗೆ ಹಿಡಿದು ನೋಡಿ. ಬ್ಲೇಡು ನೆಟ್ಟಗಿದ್ದರೆ ಸಂದಿಯೇ ಇರುವುದಿಲ್ಲ. ವಾಲಿದ್ದರೆ ಎರಡು ತುಂಡುಗಳ ತಪ್ಪು ಕೂಡಿ, ನಡುವೆ ಎರಡು ಪಟ್ಟು ಅಗಲದ ಕೋನ ಬಾಯಿ ಬಿಡುತ್ತದೆ. ಅರ್ಧ ಡಿಗ್ರಿ ಒಂದು ಡಿಗ್ರಿಯಾಗಿ ಕಾಣುತ್ತದೆ. ಕಣ್ಣಿಗೆ ಕಾಣದ ತಪ್ಪನ್ನು ಕಾಣುವಷ್ಟು ದೊಡ್ಡದು ಮಾಡಿ ತೋರಿಸುವ ಈ ಪರೀಕ್ಷೆ ನನಗೆ ಬಲು ಇಷ್ಟ. ಮಕ್ಕಳಿಗೆ ಪಾಠ ಮಾಡುವಾಗ ಇದು ಗೊತ್ತಿದ್ದರೆ ತರಗತಿಗೇ ಗರಗಸ ತೆಗೆದುಕೊಂಡು ಹೋಗುತ್ತಿದ್ದೆ. ತಿರುಪು ಸಡಿಲಿಸಿ, ಸರಿಪಡಿಸಿ, ಮತ್ತೆ ಕೊಯ್ದು ನೋಡಿದರೆ ಆಯಿತು. ಆಮೇಲೆ ನೆಟ್ಟಗಿರುವ ಪಟ್ಟಿಯೊಂದನ್ನು ಹಲಗೆಗೆ ಕ್ಲ್ಯಾಂಪ್ ಹಾಕಿ ಬಿಗಿದು, ತಟ್ಟೆಯ ಅಂಚನ್ನು ಅದಕ್ಕೆ ಒತ್ತಿಕೊಂಡು ಸಾಗಿಸಿದರೆ ಗೆರೆ ತಪ್ಪುವುದಿಲ್ಲ.

ಯಂತ್ರದಲ್ಲಿ ಉಳಿಸಿದ ಹಣವನ್ನು ಬ್ಲೇಡಿಗೆ ಹಾಕಿ ಎಂದು ನಾನು ಹೊಸಬರಿಗೆ ಹೇಳುತ್ತೇನೆ. ಜೊತೆಗೆ ಬಂದ ಬ್ಲೇಡಿನಲ್ಲಿ ಮರ ಸುಟ್ಟು ಕರಿಯಾದರೆ ಜನ ಮೋಟಾರನ್ನು ಬಯ್ಯುತ್ತಾರೆ. ಮರದ ಎಳೆಯ ಗುಂಟ ಸೀಳಲು ಕಡಿಮೆ ಹಲ್ಲಿನದು ಬೇಕು, 184 ಮಿಲಿಮೀಟರಿನ ಬ್ಲೇಡಾದರೆ 24 ಹಲ್ಲು ಸಾಕು. ಎಳೆಗೆ ಅಡ್ಡಲಾಗಿ ನಯವಾಗಿ ಕೊಯ್ಯಲು 40 ಅಥವಾ ಅದಕ್ಕೂ ಹೆಚ್ಚು. ಹಲ್ಲು ಮರದ ಕೆಳಗೆ ತುಸು ಇಣುಕುವಷ್ಟೇ ಆಳ ಇಟ್ಟುಕೊಂಡರೆ ಸಾಕು.

ಇನ್ನು ಮೊಳೆ. ಈ ಹಲ್ಲುಗಳ ತುದಿಯ ಕಾರ್ಬೈಡ್ ಉಕ್ಕಿಗಿಂತ ಗಡಸು, ಆದರೆ ಪೆಟ್ಟಿಗೆ ಚಟ್ಟನೆ ಒಡೆಯುತ್ತದೆ. ಓಡುವ ಬ್ಲೇಡು ಮೊಳೆಗೆ ಬಡಿದರೆ ಹಲ್ಲಿನ ಚೂರು ಎತ್ತ ಸಿಡಿಯುತ್ತದೋ ಹೇಳಲಾಗದು. ಹಳೆಯ ಚೌಕಟ್ಟಿನಲ್ಲಿ ಮೊಳೆಯ ತಲೆ ಯಾವತ್ತೋ ಮುರಿದು ಹೋಗಿರುತ್ತದೆ, ಮೇಲೆ ಪುಟ್ಟಿ, ಪುಟ್ಟಿಯ ಮೇಲೆ ಬಣ್ಣ. ಒಗರು ಹೆಚ್ಚಿರುವ ಮರವಾದರೆ ಅದೇ ಸುಳಿವು ಕೊಡುತ್ತದೆ: ಮರದ ಒಗರಿನ ಅಂಶವಾದ ಟ್ಯಾನಿನ್ನೂ ಕಬ್ಬಿಣವೂ ತೇವದಲ್ಲಿ ಸೇರಿ ನೀಲಿಗಪ್ಪು ಕಲೆ ಮೂಡಿ, ಮೊಳೆ ಇದ್ದಲ್ಲಿಂದ ಎಳೆಯುದ್ದಕ್ಕೂ ಹಬ್ಬಿರುತ್ತದೆ. ಬಣ್ಣ ತೆಗೆದ ಮೇಲೆ ಮೊದಲು ಆ ಕಲೆ ಹುಡುಕಬೇಕು. ಆಮೇಲೆ ಬಲವಾದ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ಹಲಗೆಯ ಮೇಲೆ ಇಂಚಿಂಚೂ ಆಡಿಸಬೇಕು. ಕಬ್ಬಿಣ ಇದ್ದಲ್ಲಿ ಅದು ವಾಲುತ್ತದೆ. ಕೀಲಿನ ಜಾಗದಲ್ಲಿ ಮಾತ್ರ ಅಯಸ್ಕಾಂತವನ್ನೇ ನಂಬಬೇಡಿ. ಅಲ್ಲಿ ಹಿತ್ತಾಳೆ ತಿರುಪು ಮುರಿದು ಉಳಿದಿದ್ದರೆ ಅಯಸ್ಕಾಂತಕ್ಕೆ ಅದು ತಿಳಿಯುವುದೇ ಇಲ್ಲ. ಅಂಗೈಯಲ್ಲಿ ಹಿಡಿಯುವ ಚಿಕ್ಕ ಲೋಹಶೋಧಕ ಈ ಕೆಲಸಕ್ಕೆ ಬೇಕೇ ಬೇಕು. ಸಿಕ್ಕ ಮೊಳೆಯ ಸುತ್ತ ಸಣ್ಣ ಉಳಿಯಿಂದ ಕೆತ್ತಿ ಇಕ್ಕಳದಲ್ಲಿ ಎಳೆಯಬೇಕು. ಬರದಿದ್ದರೆ ಅಷ್ಟು ಜಾಗ ಬಿಟ್ಟು ಕೊಯ್ಯುವುದೇ ಸರಿ.

ಆಕ್ಷೇಪ ಬರೆದವರು ಹೇಳಿದ ಬೆರಳಿನ ವಿಷಯಕ್ಕೆ ಬರುತ್ತೇನೆ. ಗರಗಸ ಹಿಂದಕ್ಕೆ ಒದೆಯುವುದು ಮುಖ್ಯವಾಗಿ ಕೊಯ್ದ ಸೀಳು ಮುಚ್ಚಿಕೊಂಡು ಬ್ಲೇಡನ್ನು ಕಚ್ಚಿದಾಗ. ಮರದೊಳಗೆ ಬಿಗಿತ ಇರುತ್ತದೆ. ಉದ್ದಕ್ಕೆ ಸೀಳಿದಾಗ ಅದು ಬಿಡುಗಡೆಯಾಗಿ ಎರಡು ಭಾಗಗಳು ಒಂದರ ಕಡೆಗೊಂದು ಬಾಗಬಹುದು. ಹಲಗೆಯ ಎರಡು ತುದಿಗೆ ಮಾತ್ರ ಆಧಾರ ಕೊಟ್ಟು ನಡುವೆ ಕೊಯ್ದರೂ ಇದೇ ಗತಿ: ನಡುಭಾಗ ಜಗ್ಗಿ ಸೀಳು ಬಾಯಿ ಮುಚ್ಚುತ್ತದೆ. ಆಗ ಗರಗಸ ಮರದಿಂದ ಎದ್ದು ಹಿಡಿದವರ ಕಡೆಗೇ ಬರುತ್ತದೆ. ಮೋಟಾರು ಬಲವಾದಷ್ಟೂ ಆ ಒದೆತ ಜೋರು, ಆದ್ದರಿಂದ ದುಬಾರಿ ಯಂತ್ರ ಕೊಂಡರೆ ಕಾಪಾಡೀತು ಎಂಬ ಭರವಸೆ ಬೇಡ. ಕಾಪಾಡುವುದು ಸೀಳಿಗೆ ಹಿಂದಿನಿಂದ ತುರುಕಿದ ಮರದ ಬೆಣೆ, ಕೊಯ್ಯುವ ಗೆರೆಯ ಎರಡೂ ಪಕ್ಕಕ್ಕೆ ಕೊಟ್ಟ ಆಧಾರ, ಬ್ಲೇಡಿನ ನೇರಕ್ಕೆ ನಿಲ್ಲದೆ ಪಕ್ಕಕ್ಕೆ ನಿಲ್ಲುವ ಅಭ್ಯಾಸ. ಅಡ್ಡಿಯೆಂದು, ಬ್ಲೇಡನ್ನು ಮುಚ್ಚುವ ಕೆಳಗಿನ ಗಾರ್ಡನ್ನು ತಂತಿಯಿಂದ ಕಟ್ಟಿಹಾಕುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ತಿರುಗುವ ಬ್ಲೇಡಿನ ಹತ್ತಿರ ಕೈಗವಸು, ಸಡಿಲ ತೋಳು ಕೂಡ ಬೇಡ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಧೂಳು. ಬೆರಳಿನ ಗಾಯ ಎಲ್ಲರಿಗೂ ಕಾಣುತ್ತದೆ, ಧೂಳಿನ ಗಾಯ ಯಾರಿಗೂ ಕಾಣದು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮರದ ಧೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೇ ಸೇರಿಸಿದೆ. ಮೂಗು ಮತ್ತು ಅದರ ಪಕ್ಕದ ಕುಹರಗಳ ಕ್ಯಾನ್ಸರ್ ಅದರಲ್ಲಿ ಮುಖ್ಯ. ವರ್ಷಾನುಗಟ್ಟಲೆ ಕೆಲಸ ಮಾಡಿದವರಲ್ಲಿ ಕಂಡದ್ದು ಅದು, ಹವ್ಯಾಸಿಗಳು ಗಾಬರಿಯಾಗಬೇಕಿಲ್ಲ. ಆದರೆ ಮುಖಕ್ಕೆ ಸರಿಯಾಗಿ ಕೂರುವ ಎನ್95 ಮಾಸ್ಕ್ ಹಾಕದೆ ಸ್ಯಾಂಡರ್ ಹಚ್ಚಬಾರದು. ಕರವಸ್ತ್ರ ಕಟ್ಟಿದರೆ ಆಗದು, ಸಣ್ಣ ಧೂಳು ಅದನ್ನು ದಾಟುತ್ತದೆ. ಹಳೆಯ ಬಣ್ಣ ಇದ್ದರೆ ಮಾಸ್ಕ್ ಒಂದೇ ಸಾಲದು. ಅಮೆರಿಕದಲ್ಲಿ ಮನೆಗೆ ಹಚ್ಚುವ ಸೀಸದ ಬಣ್ಣ ನಿಷೇಧವಾದದ್ದೇ 1978ರಲ್ಲಿ, ಎಷ್ಟೋ ದೇಶಗಳಲ್ಲಿ ಇನ್ನೂ ತಡವಾಗಿ. ಹಳೆಯ ಬಾಗಿಲಿನ ಬಣ್ಣವನ್ನು ಒಣಗಿದ್ದಂತೆಯೇ ಉಜ್ಜಿದರೆ ಆ ಸೀಸ ಪುಡಿಯಾಗಿ ಮನೆಯ ನೆಲದಲ್ಲಿ ಕೂರುತ್ತದೆ, ಅಂಬೆಗಾಲಿಡುವ ಮಗುವಿನ ಬಾಯಿಗೆ ಹೋಗುತ್ತದೆ. ಅನುಮಾನ ಇದ್ದ ಹಲಗೆಯನ್ನು ನಾನು ಮನೆಯೊಳಕ್ಕೇ ತರುವುದಿಲ್ಲ, ಎಷ್ಟು ಚೆಂದದ ಮರವಾದರೂ ಸರಿ.

ಪ್ಯಾಲೆಟ್ ಕೊಳ್ಳುವವರು ಅದರ ಮೇಲಿನ ಮುದ್ರೆ ಓದಲಿ. ದೇಶದಿಂದ ದೇಶಕ್ಕೆ ಹೋಗುವ ಪ್ಯಾಲೆಟ್‌ಗೆ ತೆನೆಯ ಚಿತ್ರವಿರುವ ಮುದ್ರೆ ಕಡ್ಡಾಯ. ಎಚ್‌ಟಿ ಎಂದಿದ್ದರೆ ಕೀಟ ಕೊಲ್ಲಲು ಮರವನ್ನು ಕಾಯಿಸಿದ್ದಾರೆ. ಮರದ ನಡುವಿನವರೆಗೂ 56 ಡಿಗ್ರಿ ಸೆಲ್ಸಿಯಸ್ ಶಾಖ, ಕನಿಷ್ಠ 30 ನಿಮಿಷ. ಎಂಬಿ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಅನಿಲ ಹಾಯಿಸಿದ್ದಾರೆ, ಅದನ್ನು ಬಿಟ್ಟುಬಿಡಿ. ಎಚ್‌ಟಿ ಇದ್ದರೂ ಆ ಪ್ಯಾಲೆಟ್ ಮೇಲೆ ಯಾವ ರಾಸಾಯನಿಕ ಚೆಲ್ಲಿತ್ತೋ ಮುದ್ರೆ ಹೇಳುವುದಿಲ್ಲ, ಕಲೆಯನ್ನೂ ವಾಸನೆಯನ್ನೂ ನೋಡಬೇಕು. ಬಯಲಲ್ಲಿ ನಿಲ್ಲಿಸಿದ್ದ ಹಸಿರು ಛಾಯೆಯ ಕಂಬ, ಬೇಲಿಪಟ್ಟಿಗಳಿಗೆ ಆರ್ಸೆನಿಕ್ ಬೆರೆತ ಸಂರಕ್ಷಕ ಉಣಿಸಿರುವ ಸಾಧ್ಯತೆ ಉಂಟು. ಅಂಥದ್ದನ್ನು ಕೊಯ್ಯಲೂ ಬಾರದು, ಒಲೆಗೂ ಹಾಕಬಾರದು.

ಇಷ್ಟೆಲ್ಲ ಬರೆದದ್ದು ಯಾರನ್ನೂ ಹೆದರಿಸಲು ಅಲ್ಲ. ಬೂದುಬಣ್ಣಕ್ಕೆ ತಿರುಗಿ ಸೌದೆಗೆ ಹೊರಟಿದ್ದ ತೇಗದ ಚೌಕಟ್ಟಿನ ಮೇಲೆ ಒಂದು ಸಲ ಕೀಸುಳಿ ಆಡಿಸಿದರೆ ಒಳಗಿಂದ ಹೊಂಬಣ್ಣವೂ ಎಣ್ಣೆಯ ಪರಿಮಳವೂ ಏಳುತ್ತವೆ. ಆ ಮರ ಕುಗ್ಗುವಷ್ಟು ಕುಗ್ಗಿ ಮುಗಿದಿರುತ್ತದೆ, ಹೊಸ ಹಸಿ ಮರದಂತೆ ತಿರುಚಿಕೊಳ್ಳುವುದು ಕಡಿಮೆ. ಅದನ್ನು ಉರಿಸುವುದು ನನ್ನಿಂದ ನೋಡಲಾಗುವುದಿಲ್ಲ. ಹೆಚ್ಚು ಜನ ಈ ಹವ್ಯಾಸಕ್ಕೆ ಬರಲಿ ಎಂದೇ ನನ್ನ ಆಸೆ.

ಹಾಗಾಗಿ ಪುರವಣಿಯಲ್ಲಿ ಇಂಥ ಲೇಖನ ಮತ್ತೆ ಬಂದಾಗ, ಪಾಲಿಶ್ ಹೊಡೆದ ಮೇಜಿನ ಫೋಟೊ ಒಂದು ಕಡಿಮೆಯಾದರೂ ಚಿಂತೆಯಿಲ್ಲ, ಮೊಳೆಯ ಕಲೆ ಹೇಗಿರುತ್ತದೆ, ಬೆಣೆ ಎಲ್ಲಿ ತುರುಕಬೇಕು, ಪ್ಯಾಲೆಟ್ ಮುದ್ರೆ ಯಾವುದು ಎಂಬ ಮೂರು ಚಿತ್ರಗಳನ್ನು ದೊಡ್ಡದಾಗಿ ಹಾಕಿ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದುಡಿ ಎಸೆದರೆ ತಾನಾಗಿ ಬೆಂಕಿ ಹತ್ತಿಕೊಳ್ಳಬಹುದು, ಅದನ್ನು ಹರಡಿ ಒಣಗಿಸಬೇಕು ಎಂಬ ಒಂದು ಸಾಲನ್ನೂ ಸೇರಿಸಿ.

ಇತಿ,
ನಿವೃತ್ತ ಗಣಿತ ಶಿಕ್ಷಕಿ, ನಿಮ್ಮ ಓದುಗರಲ್ಲೊಬ್ಬಳು