ಮಕ್ಕಳನ್ನು ಬೇಹುಗಾರರನ್ನಾಗಿ ಮಾಡಬೇಡಿ

ಮಾನ್ಯ ಸಂಪಾದಕರೇ,

ನಾನು ಪ್ರಾಥಮಿಕ ಶಾಲಾ ಶಿಕ್ಷಕಿ. ನನ್ನ ನಾಲ್ಕನೇ ತರಗತಿಯ ಬಾಲಕನೊಬ್ಬ ಶನಿವಾರ ಬಂತೆಂದರೆ ಹೊಟ್ಟೆನೋವು ಎನ್ನುತ್ತಾನೆ. ಅವನ ತಂದೆ ತಾಯಿ ಬೇರೆಯಾಗಿದ್ದಾರೆ; ಮರುದಿನ ಅಪ್ಪನ ಮನೆಗೆ ಹೋಗಬೇಕು. ಅಪ್ಪನೆಂದರೆ ಅವನಿಗೆ ಪ್ರಾಣ. ಹೆದರಿಕೆ ಇರುವುದು ವಿಚಾರಣೆಗೆ: ಅಮ್ಮನಿಗೆ ಯಾರು ಫೋನ್ ಮಾಡುತ್ತಾರೆ ಎಂದು ಅಲ್ಲಿ ಕೇಳುತ್ತಾರೆ, ಅಪ್ಪ ಎಷ್ಟು ಖರ್ಚು ಮಾಡಿದರು ಎಂದು ಇಲ್ಲಿ ಕೇಳುತ್ತಾರೆ. ಸೋಮವಾರ ಅವನು ಯಾರೊಡನೆಯೂ ಮಾತನಾಡುವುದಿಲ್ಲ.

ವಿಚ್ಛೇದನವೇ ತಪ್ಪೆಂದು ನಾನು ಹೇಳುತ್ತಿಲ್ಲ. ದಿನವೂ ಹೊಡೆತ ಬಡಿತ ಕಾಣುತ್ತಿದ್ದ ಹುಡುಗಿಯೊಬ್ಬಳು ತಂದೆ ತಾಯಿ ಬೇರೆಯಾದ ಬಳಿಕ ನೆಮ್ಮದಿಯಿಂದ ಓದಿದ್ದನ್ನೂ ನೋಡಿದ್ದೇನೆ. ಮಗುವನ್ನು ನಲುಗಿಸುವುದು ಮುಗಿಯದ ಜಗಳ.

ಹಿಂದೂ ವಿವಾಹ ಕಾಯ್ದೆಯ 26ನೇ ಸೆಕ್ಷನ್, ಮಕ್ಕಳು ಯಾರ ಬಳಿ ಇರಬೇಕು ಎಂಬಂಥ ವಿಷಯಗಳಲ್ಲಿ ಸಾಧ್ಯವಿದ್ದಲ್ಲೆಲ್ಲ ಅವರ ಇಚ್ಛೆಗೆ ಅನುಗುಣವಾಗಿ ಆದೇಶ ನೀಡಲು ನ್ಯಾಯಾಲಯಕ್ಕೆ ಹೇಳುತ್ತದೆ. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯಲ್ಲಿ ಆಪ್ತಸಮಾಲೋಚಕರ ನೇಮಕಕ್ಕೆ ಅವಕಾಶವಿದೆ. ಆ ಸಮಾಲೋಚನೆ ದಂಪತಿಗೆ ಸೀಮಿತವಾಗದೆ, ಮಗುವಿನೊಂದಿಗೂ ಪ್ರತ್ಯೇಕವಾಗಿ ನಡೆಯಲಿ. ತೀರ್ಪಿನ ನಂತರವೂ ಕೆಲವು ತಿಂಗಳು ಮುಂದುವರಿಯಲಿ. ಶಾಲೆಗಳೂ ಪೋಷಕರ ಸಭೆಗೆ ತಂದೆ ತಾಯಿ ಇಬ್ಬರನ್ನೂ, ಬೇಕಾದರೆ ಬೇರೆ ಬೇರೆ ಹೊತ್ತಿಗೆ, ಕರೆಯಬೇಕು. ಇದಕ್ಕೆ ಶಿಕ್ಷಣ ಇಲಾಖೆ ಒಂದು ಸುತ್ತೋಲೆ ಹೊರಡಿಸಿದರೆ ಸಾಕು.

– ಶಿಕ್ಷಕಿ, ದಾವಣಗೆರೆ